ದಣಿದ ಸ್ನಾಯುವಿಗೆ ಅನ್ನ

ದೂರದ ಓಟವನ್ನು ಮುಗಿಸಿ ಬಂದ ತರುಣರು ಬೆವರು ಆರುವ ಮುನ್ನವೇ ಪ್ರೋಟೀನ್ ಪುಡಿಯ ಡಬ್ಬಿಗೆ ಕೈಹಾಕುವುದನ್ನೂ, ಮನೆಯಲ್ಲಿ ಬಡಿಸಿಟ್ಟ ಅನ್ನವನ್ನು ಅಪಥ್ಯವೆಂದು ದೂರ ಸರಿಸುವುದನ್ನೂ ಕೆಲವು ವರ್ಷಗಳಿಂದ ಕಾಣುತ್ತಿದ್ದೇನೆ. ವ್ಯಾಯಾಮ ಸಂಬಂಧವಾದ ಶರೀರಶಾಸ್ತ್ರವನ್ನು ಕಲಿಯುವುದರಲ್ಲಿಯೂ ಕಲಿಸುವುದರಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ಈ ಶಾಸ್ತ್ರವು ನಡೆದುಬಂದ ದಾರಿಯನ್ನು ಅರಿತವರು ಹಾಗೆ ಮಾಡಲಾರರೆಂದು ತೋರುವುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

ಸ್ನಾಯುವು ತನ್ನ ಸಸಾರಜನಕವನ್ನೇ, ಅಂದರೆ ಪ್ರೋಟೀನನ್ನೇ, ದಹಿಸಿಕೊಂಡು ದುಡಿಯುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ಲೀಬಿಗ್ ಪ್ರತಿಪಾದಿಸಿದ ಮತ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಸಸಾರಜನಕವಿಲ್ಲದ ಆಹಾರವನ್ನು ಉಂಡು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನೇರಿ, ತಮ್ಮ ಮೂತ್ರದ ಸಾರಜನಕವನ್ನು ಅಳೆದು, ದೇಹದಲ್ಲಿ ವ್ಯಯವಾದ ಸಸಾರಜನಕವು ಆ ಏರಿಕೆಗೆ ಸಾಲದೆಂದು ತೋರಿಸಿಕೊಟ್ಟರು. 1924ರ ಬೋಸ್ಟನ್ ಮ್ಯಾರಥಾನಿನಲ್ಲಿ, ನಿತ್ರಾಣರಾಗಿ ಗುರಿ ಮುಟ್ಟಿದ ಕೆಲವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿದ್ದುದು ಕಂಡುಬಂದಿತು. 1939ರಲ್ಲಿ ಕ್ರಿಸ್ಟೆನ್‌ಸನ್ ಮತ್ತು ಹ್ಯಾನ್ಸನ್ ಪಿಷ್ಟಪ್ರಧಾನವಾದ ಆಹಾರವನ್ನು ಉಂಡವರು ಹೆಚ್ಚು ಹೊತ್ತು ದುಡಿಯಬಲ್ಲರೆಂದು ಸಾಧಿಸಿದರು.

ಆದರೆ ಸ್ನಾಯುವಿನ ಒಳಹೊಕ್ಕು ನೋಡುವ ಉಪಾಯವು ದೊರೆಯುವವರೆಗೆ ಇವೆಲ್ಲವೂ ಬಾಗಿಲ ಹೊರಗೆ ನಿಂತು ಕಟ್ಟಿದ ಅನುಮಾನಗಳು. ಬಾಗಿಲನ್ನು ತೆರೆದವರು ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್. 1962ರಲ್ಲಿ ಅವರು ಬಳಕೆಗೆ ತಂದ ಟೊಳ್ಳು ಸೂಜಿಯಿಂದ, ಮನುಷ್ಯನ ತೊಡೆಯ ಸ್ನಾಯುವಿನ ಸಣ್ಣ ತುಣುಕೊಂದನ್ನು ತೆಗೆದು, ಉಂಡ ಪಿಷ್ಟವು ಅಲ್ಲಿ ಸಂಚಿತವಾಗುವ ರೂಪವಾದ ಗ್ಲೈಕೋಜನನ್ನು ಅಳೆಯುವುದು ಸುಲಭಸಾಧ್ಯವಾಯಿತು. 1966ರಲ್ಲಿ ಅವರೂ ಎರಿಕ್ ಹಲ್ಟ್‌ಮನ್ನರೂ ತಮ್ಮ ದೇಹಗಳನ್ನೇ ಪ್ರಯೋಗಕ್ಕೆ ಒಡ್ಡಿ, ಒಂದೇ ಸೈಕಲಿನ ಎರಡು ಪಕ್ಕಗಳಲ್ಲಿ ಕುಳಿತು, ಒಬ್ಬೊಬ್ಬರೂ ಒಂದೊಂದು ಕಾಲಿನಿಂದಲೇ ಬಳಲಿಕೆ ಬರುವ ತನಕ ತುಳಿದು, ಅನಂತರ ಮೂರು ದಿವಸ ಪಿಷ್ಟಭೂಯಿಷ್ಠವಾದ ಊಟವನ್ನು ಮಾಡಲಾಗಿ, ದುಡಿದ ಕಾಲಿನ ಗ್ಲೈಕೋಜನು ದುಡಿಯದ ಕಾಲಿನದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ಬರಿದಾದ ಕಣಜವೇ ಹೆಚ್ಚು ಧಾನ್ಯವನ್ನು ಬೇಡುತ್ತದೆಂಬ ಈ ಸತ್ಯಕ್ಕಿಂತ ಸುಂದರವಾದದ್ದನ್ನು ನಮ್ಮ ಶಾಸ್ತ್ರದಲ್ಲಿ ನಾನು ಕಂಡಿಲ್ಲ. ಮರುವರ್ಷ ಅದೇ ಪಂಥದವರು, ಕೊಬ್ಬು ಮತ್ತು ಸಸಾರಜನಕಗಳನ್ನೇ ಉಂಡವರು ಸುಮಾರು 57 ನಿಮಿಷವೂ, ಮಿಶ್ರಾಹಾರಿಗಳು 114 ನಿಮಿಷವೂ, ಪಿಷ್ಟಪ್ರಧಾನವಾದ ಆಹಾರವನ್ನು ಉಂಡವರು 167 ನಿಮಿಷವೂ ತುಳಿಯಬಲ್ಲರೆಂದು ಪ್ರಕಟಿಸಿದರು. 1969ರಲ್ಲಿ ಅಥೆನ್ಸಿನಲ್ಲಿ ಯುರೋಪಿಯನ್ ಮ್ಯಾರಥಾನನ್ನು ಗೆದ್ದ ಇಂಗ್ಲೆಂಡಿನ ರಾನ್ ಹಿಲ್ ಅನುಸರಿಸಿದ್ದು ಈ ತತ್ತ್ವದಿಂದ ಹುಟ್ಟಿದ ಪಥ್ಯವನ್ನೇ.

ನನ್ನ ತಲೆಮಾರಿನವರು ಕೇಳಿದ ಪ್ರಶ್ನೆಯೆಂದರೆ, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದು. 1988ರಲ್ಲಿ ಟೆಕ್ಸಾಸಿನ ಜಾನ್ ಐವಿ ಮತ್ತು ಸಂಗಡಿಗರು, ವ್ಯಾಯಾಮವಾದ ಕೂಡಲೇ ಪಿಷ್ಟವನ್ನು ಕೊಡದೆ ಎರಡು ಗಂಟೆ ತಡೆದರೆ ಗ್ಲೈಕೋಜನು ತುಂಬುವ ವೇಗವು ಸರಿಸುಮಾರು ಅರ್ಧಕ್ಕೆ ಇಳಿಯುವುದೆಂದು ತೋರಿಸಿದರು. ಇದನ್ನೇ ಹಿಡಿದು ವ್ಯಾಪಾರಸ್ಥರು ಆ ಹೊತ್ತು ಮೀರಿದರೆ ಸರ್ವವೂ ವ್ಯರ್ಥವೆಂದು ಸಾರಿದರು. 1997ರಲ್ಲಿ ಆಸ್ಟ್ರೇಲಿಯದವರು ಎರಡು ಗಂಟೆ ತಡವಾಗಿ ಉಂಡವರ ಸ್ನಾಯುಗಳೂ ಎಂಟು ಗಂಟೆಗಳಲ್ಲಿ ಸಮಾನವಾಗಿ ತುಂಬಿದ್ದನ್ನು ಕಂಡದ್ದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಅದೇ ದಿನ ಮತ್ತೆ ಓಡಬೇಕಾದವನಿಗೆ ಮಾತ್ರ ತ್ವರೆಯುಂಟು. ಅಂಥವನು ಮೊದಲ ನಾಲ್ಕು ಗಂಟೆಗಳ ಕಾಲ, ದೇಹತೂಕದ ಕಿಲೋ ಒಂದಕ್ಕೆ ಗಂಟೆಗೆ 1ರಿಂದ 1.2 ಗ್ರಾಂ ಪಿಷ್ಟವನ್ನು ತೆಗೆದುಕೊಳ್ಳತಕ್ಕದ್ದು. 60 ಕಿಲೋ ತೂಗುವವನಿಗೆ ಇದು ಗಂಟೆಗೆ ಸುಮಾರು ನೂರು ಗ್ರಾಂ ಅವಲಕ್ಕಿಯಿಂದ ಪೂರೈಸುವಷ್ಟೇ. ಬೆವರಿನಿಂದ ಇಳಿದ ತೂಕದ ಒಂದೂವರೆ ಪಾಲು ನೀರೂ, ಅದು ದೇಹದಲ್ಲಿ ನಿಲ್ಲಲು ಉಪ್ಪೂ ಬೇಕು.

ಸಸಾರಜನಕವು ಬೇಡವೆಂದು ನಾನು ಹೇಳುತ್ತಿಲ್ಲ. ಹರಿದ ತಂತುಗಳ ಜೀರ್ಣೋದ್ಧಾರಕ್ಕೆ ಅದೇ ಸಾಮಗ್ರಿ. ಒಂದು ಹೊತ್ತಿಗೆ 20 ಗ್ರಾಮಿನ ಆಸುಪಾಸು ಸಾಕು. 1992ರಲ್ಲಿ, ಪಿಷ್ಟದೊಡನೆ ಸೇವಿಸಿದರೆ ಅದು ಗ್ಲೈಕೋಜನನ್ನೂ ಬೇಗ ತುಂಬಿಸುವುದೆಂದು ವರದಿಯಾದಾಗ ದೊಡ್ಡ ಉತ್ಸಾಹವೆದ್ದಿತು. ಪಿಷ್ಟವನ್ನೇ ಸಾಕಷ್ಟು ಉಂಡರೆ ಆ ಲಾಭವು ಉಳಿಯದೆಂದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಹೀಗಿರಲು, ಅನ್ನವನ್ನು ಬಿಟ್ಟು ಪುಡಿಯನ್ನು ಹಿಡಿಯುವುದು ಲೀಬಿಗನ ಹಳೆಯ ಪ್ರಮಾದಕ್ಕೆ ಹಿಂದಿರುಗುವುದೇ ಸರಿ.

ಇಷ್ಟು ದೊಡ್ಡ ಸಾಹಿತ್ಯದಲ್ಲಿ ನಾನು ಓದಿರುವ ಪ್ರಯೋಗಗಳೆಲ್ಲ ಗ್ಲೂಕೋಸಿನ ನೀರು, ಬ್ರೆಡ್ಡು, ಪಾಸ್ತಾ, ಹಾಲು ಇವುಗಳ ಸುತ್ತಲೇ ನಡೆದಂಥವು. ರಾಗಿಮುದ್ದೆಯಾಗಲಿ, ಜೋಳದ ರೊಟ್ಟಿಯಾಗಲಿ, ಮೊಸರವಲಕ್ಕಿಯಾಗಲಿ ಓಟಗಾರನ ಸ್ನಾಯುವನ್ನು ಎಷ್ಟು ಹೊತ್ತಿನಲ್ಲಿ ತುಂಬುವುದೆಂಬ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಸಸಾರಜನಕದ ಘಟಕಗಳಲ್ಲೊಂದಾದ ಲೈಸೀನು ಭಾರತೀಯರಿಗೆ ಎಷ್ಟು ಬೇಕೆಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯು ಸೂಕ್ಷ್ಮವಾಗಿ ಅಳೆದು ತೋರಿಸಿದೆ. ಸೈನಿಕರ ಆಹಾರವನ್ನು ರೂಪಿಸಿದ ಸಂಶೋಧನಾಲಯವು ಮೈಸೂರಿನಲ್ಲಿಯೇ ಇದೆ. ವಿದ್ಯೆಗೂ ಕೊರತೆಯಿಲ್ಲ, ಧಾನ್ಯಕ್ಕೂ ಕೊರತೆಯಿಲ್ಲ. ಈ ನಾಡಿನ ಓಟಗಾರರನ್ನೂ ಈ ನಾಡಿನ ಊಟವನ್ನೂ ಒಂದೇ ಪ್ರಯೋಗಶಾಲೆಯಲ್ಲಿ ಕೂಡಿಸುವ ಕೆಲಸವನ್ನು ಕಿರಿಯ ಸಂಶೋಧಕರು ಕೈಗೊಳ್ಳಲೆಂದು ಪ್ರಾರ್ಥಿಸುತ್ತೇನೆ. ಆ ಫಲವು ಕೈಸೇರುವವರೆಗೆ, ಓಡಿ ಬಂದವನು ಉಪ್ಪು ಬೆರೆಸಿದ ಮಜ್ಜಿಗೆಯನ್ನು ಕುಡಿದು, ಗಟ್ಟಿ ಬೇಳೆಯ ಹುಳಿಯೊಡನೆ ಹೊಟ್ಟೆತುಂಬ ಅನ್ನವನ್ನು ಉಣ್ಣಲಿ.