ಅಜ್ಜಿಯ ಸೇರು

ನನ್ನ ಅಜ್ಜಿಯ ತವರು ಕೋವಾಡ. ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲೂಕಿನಲ್ಲಿ, ತಾಮ್ರಪರ್ಣಿ ಹೊಳೆಯ ದಂಡೆಯ ಮೇಲಿರುವ ಊರು. ಮರಾಠಿ ಕಾದಂಬರಿಕಾರ ರಣಜಿತ ದೇಸಾಯಿಯವರು 1928ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅಜ್ಜಿಯಿಂದ ನಮಗೆ ಉಳಿದದ್ದು ಎರಡೇ ವಸ್ತು: ಕನ್ನಡದಲ್ಲಿ ಬರೆದ ಅಡುಗೆಯ ಪುಸ್ತಕ ಮತ್ತು ಒಂದು ಹಿತ್ತಾಳೆಯ ಸೇರು.

ನಾಗರಪಂಚಮಿಗೆ ಮನೆಯ ಹುಡುಗರು ಆ ಪುಸ್ತಕ ನೋಡಿ ತಂಬಿಟ್ಟು ಮಾಡಹೊರಟರು. ‘ಹುರಿದ ಗೋಧಿಹಿಟ್ಟು ಎರಡು ಸೇರು, ಬೆಲ್ಲ ಒಂದು ಸೇರು’ ಎಂದಿತ್ತು. ಒಂದು ಸೇರೆಂದರೆ 80 ತೊಲೆ, ಅಂದರೆ 933 ಗ್ರಾಂ ಎಂದು ಲೆಕ್ಕ ಹಾಕಿ ಎರಡನ್ನೂ ತಕ್ಕಡಿಯಲ್ಲಿ ತೂಗಿದರು. ಉಂಡೆ ಕೈಯಲ್ಲೇ ಉದುರಿತು. ‘ಅಜ್ಜಿ ತಪ್ಪಾಗಿ ಬರೆದಿದ್ದಾಳೆ’ ಎಂದು ಪುಸ್ತಕವನ್ನು ಅಟ್ಟಕ್ಕೆ ಹಾಕುವ ಮಾತು ಬಂತು. ನನಗೆ ನೋವಾಯಿತು.

ಅಜ್ಜಿ ತಪ್ಪಿರಲಿಲ್ಲ. ಅವಳ ಕಾಲದಲ್ಲಿ ಸೇರು ಎಂಬ ಒಂದೇ ಹೆಸರಿಗೆ ಎರಡು ಅರ್ಥ. ಬೆಲ್ಲ, ಬೆಣ್ಣೆಗಳಿಗೆ ಅದು ತೂಕ; ಕಾಳು, ಹಿಟ್ಟುಗಳಿಗೆ ಅದು ಪಾತ್ರೆ. ತೂಕದ ಸೇರಿನಲ್ಲಿಯೂ ಪಕ್ಕಾ, ಕಚ್ಚಾ ಎಂಬ ಭೇದ: ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲೆ ಮಾತ್ರ. ಅಳೆಯುವಾಗ ಗೋಪುರ ಕಟ್ಟುವುದೋ, ಮಟ್ಟ ಎಳೆಯುವುದೋ ಎಂಬುದು ಬೇರೆಯೇ ಮಾತು. ಮರಾಠಿಯಲ್ಲಿ ನಾಲ್ಕು ಸೇರಿಗೆ ಒಂದು ಪಾಯಲಿ.

ನಮ್ಮ ಹಿತ್ತಾಳೆಯ ಸೇರಿಗೆ ನೀರು ತುಂಬಿ ನೋಡಿದೆ. ಸುಮಾರು ಒಂದು ಲೀಟರ್. ಅದೇ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ತೂಗಿತು, ಹಿಟ್ಟು 550, ಪುಡಿ ಉಪ್ಪು 1,200. ಹಿಟ್ಟಿನ ಕಣಗಳ ನಡುವೆ ಗಾಳಿಯೇ ಹೆಚ್ಚು. ಅಂದರೆ ಅಜ್ಜಿಯ ಎರಡು ಸೇರು ಹಿಟ್ಟು 1,100 ಗ್ರಾಂ. ಹುಡುಗರು ಹಾಕಿದ್ದು 1,866! ಬೆಲ್ಲದ ಪಾಕ ಸಾಲುವುದೆಲ್ಲಿಂದ?

ಈ ಗೊಂದಲ ತೀರಿಸಲೆಂದೇ ತೂಕ ಮತ್ತು ಅಳತೆಗಳ ಪ್ರಮಾಣೀಕರಣ ಕಾಯಿದೆ 1956ರ ಡಿಸೆಂಬರಿನಲ್ಲಿ ಬಂತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಅಂಗಡಿಗಳನ್ನು ಹೊಕ್ಕಿತು. ಅದೇ 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಸೇರಿತು. ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅಂದೇ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯೂ ಅಳತೆಯೂ ಒಂದೇ ವರ್ಷ ಬದಲಾದವು. ಆದರೆ ಅಡುಗೆಮನೆ ಕಾಯಿದೆ ಓದಲಿಲ್ಲ. ಇಲ್ಲಿ ಮುಡಿ, ಸೇರು, ಕುಡ್ತೆ. ನೆರೆಮನೆಯ ಮಲಯಾಳಿಗಳಲ್ಲಿ ಪರ, ಇಡಂಗಳಿ, ನಾಳಿ ಬಹುಕಾಲ ನಡೆದವು.

ಮರುದಿನ 1,100 ಗ್ರಾಂ ಹಿಟ್ಟಿಗೆ 933 ಗ್ರಾಂ ಬೆಲ್ಲದ ಪಾಕ ಹಾಕಿಸಿದೆ. ಉಂಡೆ ನಿಂತಿತು. ಹುಡುಗಿಯೊಬ್ಬಳು ಪುಸ್ತಕದಲ್ಲಿ ಅಜ್ಜಿಯ ಸಾಲಿನ ಪಕ್ಕಕ್ಕೆ ಗ್ರಾಂ ಲೆಕ್ಕ ಬರೆದಳು, ಕನ್ನಡದಲ್ಲಿಯೇ.

ಓದುಗರಲ್ಲಿ ನನ್ನದೊಂದು ಬಿನ್ನಹ. ಹಳೆಯ ಸೇರು, ಕುಡ್ತೆಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ನೀರು ತುಂಬಿ ಅಳೆಯಿರಿ. ಮನೆಯ ಅಕ್ಕಿ, ಹಿಟ್ಟು ತುಂಬಿ ತೂಗಿ ಬರೆದಿಡಿ. ಪಾತ್ರೆ ಹೋದರೆ ಪುಸ್ತಕದ ಅಕ್ಷರ ಉಳಿದೀತು, ಅರ್ಥ ಉಳಿಯದು.