ಮತಪೆಟ್ಟಿಗೆ ಇಲ್ಲದ ವಿದ್ಯಾರ್ಥಿ ಸಂಘ: ಕ್ಯಾಸನೂರು ಸೀಮೆಯಿಂದ ಕಂಡ ಚರಿತ್ರೆ

ಮಲೆನಾಡಿನ ಯಾವುದಾದರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ತಲೆಬರಹ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ‘ವಿದ್ಯಾರ್ಥಿ ಸಂಘ, ಕ್ರೀಡೆ, ಸಾಂಸ್ಕೃತಿಕ, ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್ ಚಟುವಟಿಕೆಗಳ ಉದ್ಘಾಟನಾ ಸಮಾರಂಭ’. ಸಮಾರಂಭದ ಅಧ್ಯಕ್ಷತೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರದು. ಆಮೇಲೆ ಪ್ರಾಂಶುಪಾಲರು, ಮುಖ್ಯ ಅತಿಥಿಗಳು, ಸಂಘದ ಸಂಚಾಲಕರಾದ ಅಧ್ಯಾಪಕರು. ವಿದ್ಯಾರ್ಥಿಗಳ ಹೆಸರು ಹುಡುಕಿದರೆ ತೀರ ಕೆಳಗೆ ಸಿಗುತ್ತದೆ. ಪ್ರಾರ್ಥನೆ ಇಂಥವರಿಂದ, ವಂದನಾರ್ಪಣೆ ಇಂಥವರಿಂದ. ಸಂಘ ಯಾರದೋ ಅವರಿಗೆ ಸಿಕ್ಕ ಜಾಗ ಅಷ್ಟು. ಈ ಪತ್ರಿಕೆ ಇಂಥ ರೂಪಕ್ಕೆ ಬಂದದ್ದು ಹೇಗೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಸೊರಬ–ಶಿಕಾರಿಪುರ ಸೀಮೆಯಲ್ಲಿ ನಿಂತು ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ವಿದ್ಯಾರ್ಥಿ ಸಂಘ ಬೇರೆ, ವಿದ್ಯಾರ್ಥಿ ಸಂಘಟನೆ ಬೇರೆ. ಕಾಲೇಜಿಗೆ ಸೇರಿದ ಪ್ರತಿಯೊಬ್ಬರೂ ತಾವಾಗಿಯೇ ಸದಸ್ಯರಾಗುವ ಸಂಸ್ಥೆ ಸಂಘ. ಒಂದು ವಿಚಾರವನ್ನು ಒಪ್ಪಿದವರು ಮಾತ್ರ ಸೇರುವುದು ಸಂಘಟನೆ. 1936ರಲ್ಲಿ ಲಖನೌದಲ್ಲಿ ಹುಟ್ಟಿದ ಅಖಿಲ ಭಾರತ ವಿದ್ಯಾರ್ಥಿ ಫೆಡರೇಷನ್, 1949ರಲ್ಲಿ ನೋಂದಣಿಯಾದ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್, 1970ರ ಎಸ್‌ಎಫ್‌ಐ, 1971ರ ಎನ್‌ಎಸ್‌ಯುಐ ಇವೆಲ್ಲ ಸಂಘಟನೆಗಳು. ನಮ್ಮ ಪತ್ರಿಕೆಗಳು ಎರಡನ್ನೂ ಕಲಸಿಬಿಡುತ್ತವೆ. ಈ ಕಲಸುವಿಕೆಯಿಂದ ಆದ ನಷ್ಟ ಎಷ್ಟೆಂಬುದು ಮುಂದೆ ಗೊತ್ತಾಗುತ್ತದೆ.

ಸಂಘದ ಕಲ್ಪನೆ ನಮಗೆ ಬ್ರಿಟನ್ನಿನಿಂದ ಬಂತು. ಕೇಂಬ್ರಿಜ್ ಯೂನಿಯನ್ 1815ರದು, ಆಕ್ಸ್‌ಫರ್ಡ್ ಯೂನಿಯನ್ 1823ರದು. ಇವೆರಡೂ ಚರ್ಚಾಕೂಟಗಳು. ವಿದ್ಯಾರ್ಥಿಗಳ ಪರವಾಗಿ ಆಡಳಿತದ ಮುಂದೆ ಮಾತಾಡುವ ಪ್ರತಿನಿಧಿ ಮಂಡಳಿ 1884ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡಿತು. ಒಂದು ಬಾಯಿ ಪಳಗಿಸುವ ಜಾಗ, ಇನ್ನೊಂದು ಹಕ್ಕು ಕೇಳುವ ಜಾಗ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅರಸರ ಸಂಸ್ಥಾನಕ್ಕೆ ಬಂದದ್ದು ಹೆಚ್ಚಾಗಿ ಮೊದಲನೆಯ ಬಗೆಯದು. ಭಾಷಣ, ಚರ್ಚಾಸ್ಪರ್ಧೆ, ನಾಟಕ, ಪತ್ರಿಕೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದಲೇ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಹೊಸಗನ್ನಡ ಸಾಹಿತ್ಯದ ಎಷ್ಟೋ ಪುಟಗಳಿಗೆ ಕಾಲೇಜು ಸಂಘವೇ ತೊಟ್ಟಿಲು.

ಆದರೆ ಆ ತೊಟ್ಟಿಲು ಇದ್ದದ್ದು ಮೈಸೂರು, ಬೆಂಗಳೂರುಗಳಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆಯ ಹುಡುಗನಿಗೆ ಪದವಿ ಕಾಲೇಜೆಂಬುದು ಆಗ ಕಣ್ಣಿಗೆ ಕಾಣದಷ್ಟು ದೂರ. ಕಾಡಿನಂಚಿನ ಈ ಊರಿನ ಹೆಸರು ಹೊರಜಗತ್ತಿಗೆ ತಿಳಿದದ್ದೇ 1957ರಲ್ಲಿ, ಮಂಗಗಳು ಸತ್ತು ಬಿದ್ದು ಆ ಕಾಯಿಲೆಗೆ ಊರಿನ ಹೆಸರೇ ಅಂಟಿದ ಮೇಲೆ. ಹೀಗಾಗಿ ಈ ಸೀಮೆಯ ವಿದ್ಯಾರ್ಥಿ ರಾಜಕಾರಣದ ಮೊದಲ ಪುಟ ಯಾವ ಯೂನಿಯನ್ ಸಭಾಂಗಣದಲ್ಲೂ ಸಿಗುವುದಿಲ್ಲ. ಅದು ಸಿಗುವುದು ಒಂದು ಹಳ್ಳಿಯಲ್ಲಿ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಕಂದಾಯ ಕಟ್ಟುವುದಿಲ್ಲವೆಂದಿತು, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿಸಿತು. ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ನನ್ನನ್ನು ಮತ್ತೆಮತ್ತೆ ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಊರಿನವರು ತಮ್ಮದೇ ಸರ್ಕಾರ ರಚಿಸಿಕೊಂಡಾಗ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಕೂರಿಸಿದ್ದು ಇಬ್ಬರು ಹುಡುಗರನ್ನು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಬಂದಾಗ ಅವರೆದುರು ಗಾಂಧಿ ಟೋಪಿ ಹಿಡಿದು, ಇದನ್ನು ಹಾಕಿಕೊಳ್ಳಿ ಎಂದದ್ದು ಈ ಹೊಸ ಆಡಳಿತವೇ. ಆಮೇಲೆ ನಡೆದದ್ದು ದಾರುಣ. ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಗುಂಪಿನ ಕೈಯಲ್ಲಿ ಸತ್ತರು, ಊರು ಲೂಟಿಯಾಯಿತು, ಹೆಂಗಸರು ಮಕ್ಕಳು ಕಾಡು ಸೇರಿದರು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಹುಡುಗರ ಕೈಗೆ ಅಧಿಕಾರ ಕೊಟ್ಟದ್ದು ಸಾಂಕೇತಿಕವೇ ಇರಬಹುದು. ಆದರೂ ಓದುವ ವಯಸ್ಸಿನವರು ಹುದ್ದೆ ಹೊರಬಲ್ಲರು ಎಂದು ಒಂದು ಒಕ್ಕಲು ಊರು ನಂಬಿತ್ತು. ಆ ನಂಬಿಕೆಯನ್ನು ನಾನು ಈ ಚರಿತ್ರೆಯ ತಳಪಾಯವೆಂದೇ ತಿಳಿಯುತ್ತೇನೆ.

ಅದೇ 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಶಿವಮೊಗ್ಗದಲ್ಲಿ ಓದುತ್ತಿದ್ದ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಯುವಕನೊಬ್ಬ ಜೈಲಿಗೆ ಹೋದ. ಅವರೇ ಶಾಂತವೇರಿ ಗೋಪಾಲಗೌಡರು. ಹುಟ್ಟಿದ್ದು 1923ರಲ್ಲಿ. ತರಗತಿ ಬಿಟ್ಟು ಜೈಲು ಕಂಡವರು 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತರು, ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದು ಬಂದರು. ವಿದ್ಯಾರ್ಥಿ ದಿನಗಳಿಗೂ ಗೇಣಿ ಹೋರಾಟಕ್ಕೂ ನಡುವೆ ಒಂಬತ್ತು ವರ್ಷ ಮಾತ್ರ. ಮೈಸೂರಿನಲ್ಲಿ 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರದ ಚಳವಳಿಗೆ ಇಳಿದು ಗುಂಡಿಗೆ ಬಲಿಯಾದ ರಾಮಸ್ವಾಮಿ ಕೂಡ ವಿದ್ಯಾರ್ಥಿಯೇ. ಆತನ ಹೆಸರಿನ ವೃತ್ತದಲ್ಲಿ ಇವತ್ತಿಗೂ ವಿದ್ಯಾರ್ಥಿಗಳ ಮೆರವಣಿಗೆಗಳು ಸೇರುತ್ತವೆ.

ಸ್ವಾತಂತ್ರ್ಯದ ನಂತರ ಕಾಲೇಜುಗಳು ಹೆಚ್ಚಿದವು, ಸಂಘದ ಚುನಾವಣೆಗಳೂ ಕಾವೇರಿದವು. ಆ ದಶಕಗಳನ್ನು ಬರೀ ಹೊಗಳುವುದು ಸರಿಯಲ್ಲ. 1973ರ ನವೆಂಬರ್‌ನಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿನ ಮೇಲೆ ಎದ್ದ ಗಲಭೆಯಲ್ಲಿ ಬೀದಿಗಿಳಿದವರು ಬಹುತೇಕ ವಿದ್ಯಾರ್ಥಿಗಳು. ಹೊಡೆತ ತಿಂದವರಲ್ಲಿ ದಲಿತ ವಿದ್ಯಾರ್ಥಿಗಳಿದ್ದರು. ಕಾಲೇಜೆಂಬ ‘ಎಲ್ಲರ ಸಂಘ’ದೊಳಗೆ ಯಾರು ಎಲ್ಲರು, ಯಾರು ಅಲ್ಲ ಎಂಬುದು ಅಂದು ಬಯಲಾಯಿತು. ಹಾಸ್ಟೆಲುಗಳಲ್ಲಿ ಕುದಿದ ಆ ನೋವು ದಲಿತ ಸಂಘರ್ಷ ಸಮಿತಿಗೆ ಬಲ ತುಂಬಿತು. ಅದನ್ನು ಕಟ್ಟಿ ಬೆಳೆಸಿದ ಬಿ. ಕೃಷ್ಣಪ್ಪನವರು ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಕಾಲೇಜು ಅಧ್ಯಾಪಕರು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋಗಿ ಪೆಟ್ಟು ತಿಂದವರು ಇದೇ ಸಮಿತಿಯ ಕಾರ್ಯಕರ್ತರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಹಾಸ್ಟೆಲಿನಿಂದ ಗುಡ್ಡದ ದೇವಸ್ಥಾನದವರೆಗಿನ ಈ ದಾರಿ ಕಾಲೇಜು ಸಂಘಗಳ ಕಡತದಲ್ಲಿ ಎಲ್ಲೂ ಇಲ್ಲ. ಅದಿಲ್ಲದೆ ಈ ಸೀಮೆಯ ವಿದ್ಯಾರ್ಥಿ ಚರಿತ್ರೆಯೇ ಅರ್ಧ.

ಇನ್ನು ನಿಷೇಧದ ಮಾತು. ಮೂರು ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಮೈಸೂರಿನ ಕಡೆ ಮುಖ ಮಾಡಿದ್ದ ನಮ್ಮ ಕಾಲೇಜುಗಳಿಗೆ ಭದ್ರಾ ಅಣೆಕಟ್ಟೆಯ ಮಗ್ಗುಲಲ್ಲಿ, ಶಂಕರಘಟ್ಟದಲ್ಲಿ, ತಮ್ಮದೇ ವಿಶ್ವವಿದ್ಯಾಲಯ ಸಿಕ್ಕಿತು. 1989ರ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1989–90ರಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಕಾಲೇಜು ಚುನಾವಣೆಗಳನ್ನು ನಿಲ್ಲಿಸಿತು. ವಿಶ್ವವಿದ್ಯಾಲಯ ಮನೆ ಬಾಗಿಲಿಗೆ ಬಂದ ಮೂರೇ ವರ್ಷಕ್ಕೆ, ದೇಶದ ಮತ ಕೈಗೆ ಬಂದ ಒಂದೇ ವರ್ಷಕ್ಕೆ, ಕಾಲೇಜಿನ ಮತ ಕೈತಪ್ಪಿತು. ಲೋಕಸಭೆಗೆ ಪ್ರತಿನಿಧಿಯನ್ನು ಆರಿಸಬಲ್ಲೆ ಎಂದು ಒಪ್ಪಿದ ವಯಸ್ಸಿನವರನ್ನೇ ತರಗತಿಗೆ ಪ್ರತಿನಿಧಿ ಆರಿಸಲಾರೆ ಎಂದು ಕೂರಿಸಿದಂತಾಯಿತು. ಮುಂದೆ 1990ರ ಅಕ್ಟೋಬರಿನಲ್ಲಿ ಸೊರಬ ತಾಲ್ಲೂಕಿನ ಕುಬಟೂರಿನ ಬಂಗಾರಪ್ಪನವರೇ ಮುಖ್ಯಮಂತ್ರಿಯಾದರು. ಆಗಲೂ ಮತಪೆಟ್ಟಿಗೆ ಹಿಂದಿರುಗಲಿಲ್ಲ.

ನಿಷೇಧಕ್ಕೆ ಕಾರಣವೇ ಇರಲಿಲ್ಲ ಎನ್ನಲಾರೆ. ಹೊಡೆದಾಟ, ಜಾತಿಗುಂಪು, ಹೊರಗಿನವರ ದುಡ್ಡು ಎಲ್ಲವೂ ನಿಜ. ಮಗನನ್ನು ಓದಲು ಕಳಿಸಿ ಆಸ್ಪತ್ರೆಯಲ್ಲಿ ನೋಡಬೇಕಾದೀತೆಂಬ ತಂದೆತಾಯಿಯ ಹೆದರಿಕೆಯನ್ನು ತಳ್ಳಿಹಾಕುವುದು ಕ್ರೂರತನ. ಆದರೆ ಔಷಧ ಬಿದ್ದದ್ದು ಬೇರೆ ಕಡೆ. ಸಂಘ ನಿಂತಿತು, ಸಂಘಟನೆ ನಿಲ್ಲಲಿಲ್ಲ. ಇವತ್ತು ಸೊರಬದಲ್ಲೋ ಶಿಕಾರಿಪುರದಲ್ಲೋ ಹಳ್ಳಿಗೆ ಹೋಗುವ ಸಂಜೆ ಬಸ್ಸು ತಪ್ಪಿದರೆ ವಿದ್ಯಾರ್ಥಿಗಳ ಪರ ಮಾತಾಡುವವರು ಯಾರು? ಯಾವುದೋ ಪಕ್ಷಕ್ಕೆ ಹತ್ತಿರವಾದ ಸಂಘಟನೆಯ ಬಾವುಟ ಹಿಡಿದು ಬಸ್ ನಿಲ್ದಾಣದಲ್ಲಿ ಕೂತವರು. ತಹಶೀಲ್ದಾರರು ಬಂದು ಮನವಿ ಪಡೆಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಬಸ್ಸು ಬೇಕಾದದ್ದು ಎಲ್ಲರಿಗೂ, ಕೇಳುವುದಕ್ಕೆ ಮಾತ್ರ ಒಂದು ಬಣ್ಣದ ಶಾಲು ಬೇಕು. ರಾಜಕೀಯವನ್ನು ಹೊರಗಿಡಲೆಂದು ಮಾಡಿದ ನಿಷೇಧ, ಪಕ್ಷಕ್ಕೆ ಸೇರದ ಒಂದೇ ಒಂದು ವೇದಿಕೆಯನ್ನು ತೆಗೆದುಹಾಕಿತು.

ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಪರಿಶೀಲಿಸಿದ ಜೆ.ಎಂ. ಲಿಂಗ್ಡೊ ಸಮಿತಿ 2006ರಲ್ಲಿ ಹೇಳಿದ್ದು ಇದಕ್ಕೆ ತಿರುಗುಮುರುಗು. ಚುನಾವಣೆ ಇರಲಿ, ಪಕ್ಷ ಬೇಡ. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, ಅಚ್ಚುಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಸಾಕು, ಹಾಜರಾತಿ ಶೇ 75 ಇರಲೇಬೇಕು, ಪದಾಧಿಕಾರಿ ಸ್ಥಾನಕ್ಕೆ ಒಂದೇ ಅವಕಾಶ, ಇಡೀ ಪ್ರಕ್ರಿಯೆ ಹತ್ತು ದಿನದೊಳಗೆ ಮುಗಿಯಬೇಕು. ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್ 22ರಂದು ಇವನ್ನು ಜಾರಿಗೆ ತರಲು ಹೇಳಿತು. ನಮ್ಮಲ್ಲಿ ಯಾರೂ ಅಷ್ಟಾಗಿ ಓದದ ಒಂದು ಸಾಲು ಆ ಶಿಫಾರಸಿನಲ್ಲಿದೆ. ವಾತಾವರಣ ಸರಿಯಿಲ್ಲದ ಕಡೆ ನಾಮನಿರ್ದೇಶನ ನಡೆಯಬಹುದು, ಆದರೆ ಅದು ತಾತ್ಕಾಲಿಕ, ಐದು ವರ್ಷದೊಳಗೆ ಚುನಾವಣೆಗೆ ಬದಲಾಗಬೇಕು. ಆ ಗಡುವು 2011ಕ್ಕೇ ಮುಗಿದಿದೆ. ಇಲ್ಲಿ ಚುನಾವಣೆಯ ಬದಲು ಅಂಕಪಟ್ಟಿ ನೋಡಿ ಪ್ರತಿನಿಧಿಯ ಹೆಸರು ಓದುವ ಪದ್ಧತಿಯೇ ಶಾಶ್ವತವಾಗಿ ನಿಂತಿದೆ.

ಗಡಿ ದಾಟಿದರೆ ಚಿತ್ರವೇ ಬೇರೆ. ಕಾಸರಗೋಡಿನ ಸರ್ಕಾರಿ ಕಾಲೇಜು 1957ರದು. ಅಲ್ಲಿ ಕನ್ನಡ ವಿಭಾಗವಿದೆ, ಕನ್ನಡ ಮನೆಮಾತಿನ ಮಕ್ಕಳು ಓದುತ್ತಾರೆ. ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಕೇರಳದ ಪದ್ಧತಿಯಂತೆ ಸಂಘಕ್ಕೆ ಮತದಾನ ನಡೆಯುತ್ತದೆ. ಚೇರ್ಮನ್, ಕಾರ್ಯದರ್ಶಿ, ವಿಶ್ವವಿದ್ಯಾಲಯ ಯೂನಿಯನ್ ಕೌನ್ಸಿಲರ್ ಮಾತ್ರವಲ್ಲ, ಕಾಲೇಜು ಮ್ಯಾಗಜೀನಿನ ವಿದ್ಯಾರ್ಥಿ ಸಂಪಾದಕ ಕೂಡ ಮತದಿಂದಲೇ ಆರಿಸಿ ಬರಬೇಕು. ಅಲ್ಲಿ ಜಗಳವಿಲ್ಲವೇ? ಖಂಡಿತ ಇದೆ, ರಕ್ತ ಹರಿದದ್ದೂ ಇದೆ. ಆದರೂ ಒಬ್ಬಳು ಕನ್ನಡದ ಹುಡುಗಿ ಅಲ್ಲಿ ನಾಮಪತ್ರ ಹಾಕಿ ಮತ ಕೇಳಬಹುದು. ಅದೇ ಭಾಷೆಯಾಡುವ ಸೊರಬದ ಹುಡುಗಿಗೆ ಆ ದಾರಿ ಇಲ್ಲ.

ಹಾಗೆಂದು ಈ ಹುಡುಗಿಗೆ ಮತ ಹಾಕುವುದೇ ಗೊತ್ತಿಲ್ಲವೆಂದಲ್ಲ. ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಳೆಗಾಲದ ಶುರುವಿಗೆ ‘ಶಾಲಾ ಸಂಸತ್ತು’ ರಚನೆಯಾಗುತ್ತದೆ. ಆರು, ಏಳನೇ ತರಗತಿಯ ಮಕ್ಕಳು ನಾಮಪತ್ರ ಸಲ್ಲಿಸುತ್ತಾರೆ, ಚಿಹ್ನೆ ಪಡೆಯುತ್ತಾರೆ. ರಟ್ಟಿನ ಮರೆ ಕಟ್ಟಿ ಮತಗಟ್ಟೆ ಮಾಡುತ್ತಾರೆ. ಹಾಜರಿ ಪುಸ್ತಕವೇ ಮತದಾರರ ಪಟ್ಟಿ. ಬೆರಳಿಗೆ ಮಾರ್ಕರ್ ಶಾಯಿ ಹಚ್ಚುತ್ತಾರೆ. ಈಚೆಗೆ ಮೊಬೈಲಿನಲ್ಲೇ ಮತಯಂತ್ರದ ಆ್ಯಪ್ ಬಂದು ‘ಬೀಪ್’ ಶಬ್ದ ಕೇಳಿದ ಮೇಲೆಯೇ ಮಗು ಹೊರಗೆ ಬರುತ್ತದೆ. ಗೆದ್ದವರಲ್ಲಿ ಒಬ್ಬರು ನೀರಾವರಿ ಮಂತ್ರಿ, ಕುಡಿಯುವ ನೀರಿನ ಟ್ಯಾಂಕು ಅವರ ಹೊಣೆ. ಇನ್ನೊಬ್ಬರು ಆಹಾರ ಮಂತ್ರಿ, ಬಿಸಿಯೂಟದ ಸಾಲು ನೋಡಿಕೊಳ್ಳಬೇಕು. ಸೋತವರು ವಿರೋಧ ಪಕ್ಷದಲ್ಲಿ ಕೂರುತ್ತಾರೆ. ಹನ್ನೆರಡು ವರ್ಷಕ್ಕೆ ಇಷ್ಟನ್ನು ಕಲಿತ ಮಗು ಹದಿನೆಂಟಕ್ಕೆ ಕಾಲೇಜಿಗೆ ಬರುತ್ತದೆ. ಅಧ್ಯಾಪಕರು ಹಾಜರಿ ಪುಸ್ತಕ ತೆರೆದು, ಕಳೆದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ತರಗತಿ ಚಪ್ಪಾಳೆ ತಟ್ಟುತ್ತದೆ. ಆಮಂತ್ರಣ ಪತ್ರಿಕೆ ಅಷ್ಟರಲ್ಲಾಗಲೇ ಅಚ್ಚಿಗೆ ಹೋಗಿರುತ್ತದೆ.