ಮಳೆ ನಿಂತ ಮೇಲಿನ ಚಿತ್ರಗಳು

ಮಲೆನಾಡಿಗರಾದ ನಾವು ಚಂಡಮಾರುತದ ಹಾವಳಿಯನ್ನು ಘಟ್ಟದ ಕೆಳಗಿನ ಬಂಧುಗಳಿಂದ ಕೇಳಿದವರೇ ಹೊರತು ಕಂಡವರಲ್ಲ. ಆದರೆ 2019ನೇ ಇಸವಿಯ ಆಗಸ್ಟ್ ತಿಂಗಳ ಮಳೆಯು ನಮ್ಮ ಸೀಮೆಗೂ ಅಂತಹುದೇ ದುರ್ದಿನಗಳನ್ನು ತಂದಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಜರಿದು ಮನೆ-ತೋಟಗಳು ಮಣ್ಣುಪಾಲಾದವು; ಚಾರ್ಮಾಡಿ ಘಾಟಿಯ ರಸ್ತೆ ಕುಸಿಯಿತು; ಕಳಸದ ಬಳಿ ಹೆಬ್ಬಾಳೆಯ ಸೇತುವೆಯನ್ನು ಭದ್ರೆ ಮುಳುಗಿಸಿದಳು.

1923ರಲ್ಲಿ ನೇತ್ರಾವತಿಯ ಮಹಾಪೂರ ಬಂದಾಗ ಕ್ಯಾಮರಾ ಎಂಬುದು ಸಿರಿವಂತರ ಸೊತ್ತು. 2019ರಲ್ಲಾದರೋ ಪ್ರತಿ ಜೇಬಿನಲ್ಲೂ ಅದಿತ್ತು. ಆದಕಾರಣ ಕೆಸರಿನ, ಉರುಳಿದ ಮರಗಳ, ಬಿರಿದ ಗೋಡೆಗಳ ಚಿತ್ರಗಳು ಹೇರಳ. ಅದಕ್ಕೆ ಹಿಂದಿನ ದಿನದ ಚಿತ್ರಗಳೆಲ್ಲಿ? ಕಣದಲ್ಲಿ ಕಾಫಿ ಹರವುವ ತಾಯಂದಿರನ್ನು, ಸಂತೆಯಿಂದ ಕಂಬಳಿಕೊಪ್ಪೆ ಹೊದ್ದು ಮರಳುವ ಆಳುಗಳನ್ನು ತೆಗೆಯಲು ಯಾರಿಗೂ ತೋಚಲಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳಿಗೆ ತೋರಿದ ತಾಳ್ಮೆಯನ್ನು ನಾವು ನಮ್ಮ ನೆರೆಹೊರೆಗೇ ತೋರಲಿಲ್ಲವೆನ್ನಬೇಕು!

ಉಳಿದಿರುವುದು ಮದುವೆಯ, ಪ್ರಥಮ ಪರಮಪ್ರಸಾದದ ಚಿತ್ರಗಳು. ವಧುವರರ ಬೆನ್ನ ಹಿಂದೆ ಆಕಸ್ಮಿಕವಾಗಿ ಸಿಕ್ಕ ಹೆಂಚಿನ ಮಾಡು, ಹಟ್ಟಿ, ಗುಡ್ಡದ ಹಳೆಯ ಆಕಾರ, ಇವೇ ಈಗ ಚರಿತ್ರೆಯ ಆಧಾರ. ಇಂತಹ ಚಿತ್ರವುಳ್ಳ ಕುಟುಂಬಗಳು ಅದರ ಬೆನ್ನಿಗೆ ಇಸವಿಯನ್ನೂ ಸ್ಥಳದ ಹೆಸರನ್ನೂ ಸೀಸದ ಕಡ್ಡಿಯಿಂದ ಬರೆದಿಡಬೇಕೆಂದು ವಿನಂತಿಸುತ್ತೇವೆ; ಶಾಯಿಯು ಮಳೆಗಾಲದ ತೇವಕ್ಕೆ ಹರಡುತ್ತದೆ.